ದೋಷಕ್ಕೊಂದು ಹೆಸರು

(ಬಾನುಲಿ ಭಾಷಣ)

ಕಣ ವೇಗೋತ್ಕರ್ಷಕ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸು ಜಿನೀವಾ ನಗರದ ಬಳಿ ನೆಲದಡಿಯಲ್ಲಿ ತೋಡಿರುವ 27 ಕಿಲೋಮೀಟರಿನ ಸುರಂಗಕ್ಕೆ ಓಡುತ್ತದೆ. ಪರಮಾಣುವಿಗಿಂತ ಸಣ್ಣವಾದ ಕಣಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಒಂದಕ್ಕೊಂದು ಡಿಕ್ಕಿ ಹೊಡೆಸಿ, ಚೂರುಗಳನ್ನು ಎಣಿಸುವುದು ದೊಡ್ಡವರ ಕೆಲಸ. ನಮಗೂ ಅದಕ್ಕೂ ಏನು ಸಂಬಂಧ ಎಂದು ಸುಮ್ಮನಾಗುತ್ತೇವೆ. ಆದರೆ ಜಗತ್ತಿನಲ್ಲಿ ಅಂಥ ಬೃಹದ್ಯಂತ್ರಗಳು ಬೆರಳೆಣಿಕೆಯವು. ಸಾವಿರ ಸಾವಿರವಾಗಿ ಇರುವ ಸಣ್ಣ ವೇಗೋತ್ಕರ್ಷಕಗಳು ಆಸ್ಪತ್ರೆಗಳಲ್ಲಿವೆ. ಕಮಲಾಪುರದ ಬಾಳೆತೋಟದ ರೈತನೊಬ್ಬನ ಕೊರಳಲ್ಲಿ ಗಂಟು ಕಾಣಿಸಿಕೊಂಡಿತು, ಪರೀಕ್ಷೆಯಲ್ಲಿ ಅದು ಅರ್ಬುದವೆಂದು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಅವನು ಬಸ್ಸು ಹಿಡಿದು ಕಲಬುರಗಿಗೆ ಬರಲಿ, ಅಲ್ಲಿಂದ ಮುಂದೆ ಸೋಲಾಪುರಕ್ಕೋ ಹೈದರಾಬಾದಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಲಿ, ಕೊನೆಗೆ ದಪ್ಪ ಗೋಡೆಯ ಒಂದು ಕೋಣೆಯಲ್ಲಿ ಒಂಟಿಯಾಗಿ ಮಲಗುತ್ತಾನೆ. ಅವನ ಮೇಲೆ ಬಾಗಿ ನಿಂತಿರುವ ಯಂತ್ರವೇ ರೇಖೀಯ ವೇಗೋತ್ಕರ್ಷಕ. ಜಿನೀವಾದ ಯಂತ್ರಕ್ಕೆ ಅದು ದೂರದ ತಮ್ಮ.

ಆ ಯಂತ್ರದ ಹೊಟ್ಟೆಯಲ್ಲಿ ಒಂದು ಲೋಹದ ಕೊಳವೆ ಇರುತ್ತದೆ. ಅದರೊಳಗೆ ಗಾಳಿ ಇಲ್ಲ. ಸೂಕ್ಷ್ಮತರಂಗಗಳು ಎಲೆಕ್ಟ್ರಾನುಗಳನ್ನು ಬೆನ್ನಟ್ಟಿ ತಳ್ಳುತ್ತವೆ. ಹಾಗೆ ರಭಸ ಪಡೆದ ಎಲೆಕ್ಟ್ರಾನುಗಳನ್ನು ನೇರವಾಗಿ ರೋಗದ ಜಾಗಕ್ಕೆ ಬಿಡಬಹುದು. ಇಲ್ಲವೆ ಟಂಗ್‌ಸ್ಟನ್ನಿನಂಥ ಭಾರಲೋಹದ ಫಲಕಕ್ಕೆ ಬಡಿಸಿ, ಅದರಿಂದ ಹೊಮ್ಮುವ ಕ್ಷ-ಕಿರಣಗಳನ್ನು ಬಳಸಬಹುದು. ತೊಗಲಿನ ಹತ್ತಿರದ ಗಡ್ಡೆಗೆ ಮೊದಲನೆಯದು, ಆಳದ ಗಡ್ಡೆಗೆ ಎರಡನೆಯದು. ಇಷ್ಟು ತಿಳಿದಿದ್ದರೆ ನಮ್ಮ ಇಂದಿನ ಪ್ರಸ್ತಾಪಕ್ಕೆ ಸಾಕು.

ಕನ್ನಡ ಕಲಿಸಿದವನೊಬ್ಬ ಈ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೇಳುಗರಿಗೆ ತೋರಬಹುದು. ಯಂತ್ರದ ಭೌತಶಾಸ್ತ್ರ ನನ್ನದಲ್ಲ, ಒಪ್ಪುತ್ತೇನೆ. ಆದರೆ ಯಂತ್ರಕ್ಕೂ ಅದನ್ನು ನಡೆಸುವವರಿಗೂ ನಡುವೆ ಆಗುವ ವ್ಯವಹಾರವೆಲ್ಲ ಮಾತಿನ ವ್ಯವಹಾರ. ಅಪ್ಪಣೆ ಒಂದು ಮಾತು, ಉತ್ತರ ಒಂದು ಮಾತು, ಎಚ್ಚರಿಕೆ ಇನ್ನೊಂದು ಮಾತು. ಆ ಮಾತುಗಳನ್ನು ಹೊತ್ತು ತರುವ ದೂತನಿಗೆ ತಂತ್ರಾಂಶವೆಂದು ಹೆಸರು. ದೂತನ ಮಾತು ಅಸ್ಪಷ್ಟವಾದರೆ ಏನಾಗುತ್ತದೆಂಬುದು ನಮ್ಮ ಕಾವ್ಯ ನಾಟಕಗಳನ್ನು ಓದಿದವರಿಗೆ ಹೊಸದಲ್ಲ.

ಮೊದಲು ದೊಡ್ಡ ಯಂತ್ರಗಳ ಮಾತು. ನಮ್ಮ ದೇಶದಲ್ಲಿ ಅಂಥ ಯಂತ್ರಗಳಿರುವ ಒಂದು ಮುಖ್ಯ ಸ್ಥಳ ಇಂದೂರು. 1984ರಲ್ಲಿ ಸ್ಥಾಪಿತವಾದ ಅಲ್ಲಿನ ಸಂಸ್ಥೆಗೆ 2005ರಿಂದ ರಾಜಾ ರಾಮಣ್ಣನವರ ಹೆಸರಿದೆ. ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದ ಈ ಭೌತವಿಜ್ಞಾನಿ ಪಿಯಾನೊ ನುಡಿಸಬಲ್ಲವರು, ರಾಗಗಳ ರಚನೆಯನ್ನೂ ಪಾಶ್ಚಾತ್ಯ ಸಂಗೀತವನ್ನೂ ಕೂಡಿಸಿ ನೋಡಿ ಪುಸ್ತಕ ಬರೆದವರು. ಸ್ವರ ಒಂದು ಎಳೆಯಷ್ಟು ಜಾರಿದರೂ ಕಿವಿಗೆ ತಿಳಿಯುವ ಅಂಥವರ ಹೆಸರು ವೇಗೋತ್ಕರ್ಷಕಗಳ ಸಂಸ್ಥೆಗೆ ಒಪ್ಪುತ್ತದೆ ಎಂದು ನನ್ನ ಎಣಿಕೆ. ಏಕೆಂದರೆ ಅಲ್ಲಿಯೂ ಕೆಲಸವೆಲ್ಲ ಶ್ರುತಿ ಹಿಡಿಯುವ ಕೆಲಸವೇ. ಅಲ್ಲಿ 1999ರಲ್ಲಿ ಇಂಡಸ್-1, 2005ರಲ್ಲಿ ಇಂಡಸ್-2 ಬೆಳಕು ಕಂಡವು. ಎರಡನೆಯದರ ಉಂಗುರದ ಸುತ್ತಳತೆ 172 ಮೀಟರು. ಅದರಲ್ಲಿ ಎಲೆಕ್ಟ್ರಾನುಗಳು ಗಂಟೆಗಟ್ಟಲೆ ಸುತ್ತುತ್ತ ಬೆಳಕನ್ನು ಸೂಸುತ್ತಿರಬೇಕು. ಅದಕ್ಕೆ ನೂರಾರು ಅಯಸ್ಕಾಂತಗಳ ವಿದ್ಯುತ್ತು ಸ್ಥಿರವಾಗಿರಬೇಕು, ಕೊಳವೆಯೊಳಗಿನ ನಿರ್ವಾತ ಕೆಡಬಾರದು, ತಂಪು ನೀರು ನಿಲ್ಲದೆ ಹರಿಯಬೇಕು.

ಇಷ್ಟನ್ನೆಲ್ಲ ಒಬ್ಬ ಮನುಷ್ಯ ಕಣ್ಣಿಟ್ಟು ಕಾಯಲಾರ. ಆದುದರಿಂದ ನಿಯಂತ್ರಣವನ್ನು ಮೂರು ಅಂತಸ್ತುಗಳಲ್ಲಿ ಕಟ್ಟಿದ್ದಾರೆ. ಕೆಳಗಿನ ಗಣಕಗಳು ಆಯಾ ಉಪಕರಣದ ಮಗ್ಗುಲಲ್ಲೇ ಕುಳಿತು ಅಳೆಯುತ್ತವೆ, ತಿರುಪುತ್ತವೆ. ನಡುವಣವು ಅವುಗಳ ಮೇಲ್ವಿಚಾರಣೆ ಮಾಡುತ್ತವೆ. ಮೇಲಣವು ನಿಯಂತ್ರಣ ಕೊಠಡಿಯಲ್ಲಿರುವ ಮನುಷ್ಯರೊಡನೆ ಮಾತನಾಡುತ್ತವೆ. ನಮ್ಮ ಕಡೆಯ ಹಳೆಯ ಮಾತಿನಲ್ಲಿ ಹೇಳುವುದಾದರೆ ಪಟವಾರಿ, ತಹಸೀಲ್ದಾರ, ಕಲೆಕ್ಟರು. ಪಟವಾರಿ ಬರೆದದ್ದು ಕಲೆಕ್ಟರ ಮೇಜಿಗೆ ಹೋಗುವಷ್ಟರಲ್ಲಿ ಏನಾಗಿರುತ್ತದೆ ಎಂಬ ಪ್ರಶ್ನೆ ಅಲ್ಲಿಯೂ ಉಂಟು.

ಇಲ್ಲಿ ಒಂದು ಅಡ್ಡ ಮಾತು. ನಮ್ಮ ಮೊಮ್ಮಕ್ಕಳು ಬೆರಳಿನಿಂದ ಸವರುವ ಫೋನಿನ ಗಾಜಿನ ಪರದೆಗೆ ಈ ನಿಯಂತ್ರಣ ಕೊಠಡಿಗಳೊಡನೆ ನಂಟಿದೆ. ಜಿನೀವಾದ ಸರ್ನ್ ಸಂಸ್ಥೆ 1970ರ ದಶಕದಲ್ಲಿ 7 ಕಿಲೋಮೀಟರು ಸುತ್ತಿನ ಹೊಸ ಯಂತ್ರವನ್ನು ಕಟ್ಟುತ್ತಿದ್ದಾಗ, ಸಾವಿರಾರು ಗುಂಡಿಗಳನ್ನೂ ತಿರುಪುಗಳನ್ನೂ ಗೋಡೆಯ ತುಂಬ ಜೋಡಿಸುವುದು ಹೇಗೆಂಬ ಚಿಂತೆ ಬಂತು. ಬೆಂಟ್ ಸ್ಟುಂಪೆ ಎಂಬ ಡೆನ್ಮಾರ್ಕಿನ ಎಂಜಿನಿಯರು ಮುಟ್ಟಿದರೆ ಅರಿಯುವ ಪಾರದರ್ಶಕ ಪರದೆಯೊಂದನ್ನು ಮಾಡಿಕೊಟ್ಟರು. ಅದರ ಮೇಲೆ ಹದಿನಾರು ಗುಂಡಿಗಳ ಚಿತ್ರ; ಬೇಕಾದಂತೆ ಆ ಗುಂಡಿಗಳ ಹೆಸರು ಬದಲಾಗುತ್ತಿತ್ತು. ಗುಂಡಿ ಒಂದೇ, ಹೆಸರು ಬೇರೆ ಬೇರೆ. ಹೆಸರಿನಿಂದಲೇ ಕೆಲಸ ಎಂಬ ಈ ತತ್ತ್ವ ಕೇಳಲು ಸೊಗಸು. ಆದರೆ ಹೆಸರು ತಪ್ಪಿದರೆ?

ಹೆಸರು ತಪ್ಪಿದರೆ ಏನಾಗುತ್ತದೆಂಬುದನ್ನು ಜಗತ್ತು ಕಲಿತದ್ದು ದೊಡ್ಡ ಪ್ರಯೋಗಾಲಯದಲ್ಲಿ ಅಲ್ಲ, ಆಸ್ಪತ್ರೆಯಲ್ಲಿ. ಕೆನಡಾ ದೇಶದ ಸರ್ಕಾರಿ ಸಂಸ್ಥೆಯೊಂದು ಥೆರಾಕ್-25 ಎಂಬ ಚಿಕಿತ್ಸಾ ವೇಗೋತ್ಕರ್ಷಕವನ್ನು ತಯಾರಿಸಿತು. ಅಮೆರಿಕದಲ್ಲಿ ಐದು, ಕೆನಡಾದಲ್ಲಿ ಆರು, ಒಟ್ಟು ಹನ್ನೊಂದು ಯಂತ್ರಗಳು ಕೆಲಸಕ್ಕೆ ನಿಂತವು. 1985ರ ಜೂನಿನಿಂದ 1987ರ ಜನವರಿಯವರೆಗೆ ಆರು ಮಂದಿ ರೋಗಿಗಳಿಗೆ ಆ ಯಂತ್ರಗಳು ಮಿತಿ ಮೀರಿದ ವಿಕಿರಣವನ್ನು ಸುರಿದವು. ಅವರಲ್ಲಿ ಮೂವರ ಸಾವಿಗೆ ಆ ಸುರಿತವೇ ಕಾರಣವೆಂದು ಎಣಿಸುತ್ತಾರೆ. 1993ರಲ್ಲಿ ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ ಎಂಬ ವಿದ್ವಾಂಸರು ಈ ಆರು ಪ್ರಕರಣಗಳ ಸಮಗ್ರ ಇತಿಹಾಸವನ್ನು ಬರೆದರು. ತಂತ್ರಾಂಶ ಕಲಿಯುವ ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳೂ ಓದಬೇಕೆಂಬುದು ನನ್ನ ಅಭಿಪ್ರಾಯ.

1986ರ ಮಾರ್ಚ್ 21. ಟೆಕ್ಸಾಸ್ ರಾಜ್ಯದ ಟೈಲರ್ ಎಂಬ ಊರು. ಬೆನ್ನಿನ ಮೇಲ್ಭಾಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ರೋಗಿಗೆ ಅದು ಒಂಬತ್ತನೆಯ ಸರದಿ. ಯಂತ್ರವನ್ನು ನಡೆಸುತ್ತಿದ್ದಾಕೆ ಅನುಭವಸ್ಥೆ, ಬೆರಳುಗಳು ಚುರುಕು. ಎಲೆಕ್ಟ್ರಾನ್ ಚಿಕಿತ್ಸೆಗೆ ಒಂದು ಅಕ್ಷರ, ಕ್ಷ-ಕಿರಣಕ್ಕೆ ಇನ್ನೊಂದು ಅಕ್ಷರ ಒತ್ತಬೇಕು. ದಿನವೂ ಹೆಚ್ಚಾಗಿ ಕ್ಷ-ಕಿರಣದ ಅಕ್ಷರವನ್ನೇ ಒತ್ತುವ ಅಭ್ಯಾಸದಿಂದ ಅದನ್ನೇ ಒತ್ತಿದಳು. ಕೂಡಲೇ ಕಂಡುಕೊಂಡು, ಮೇಲ್ಮುಖ ಬಾಣದ ಕೀಲಿಯಿಂದ ಆ ಸಾಲಿಗೆ ಹೋಗಿ ಅಕ್ಷರವನ್ನು ತಿದ್ದಿದಳು. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡಿತು. ಕಿರಣವನ್ನು ಹೊರಡಿಸಿದಳು.

ಪರದೆ ಸರಿಯಾಗಿತ್ತು, ಯಂತ್ರ ಸರಿಯಾಗಿರಲಿಲ್ಲ. ಒಳಗಿನ ಅಯಸ್ಕಾಂತಗಳು ಹೇಳಿದ ಸ್ಥಿತಿಗೆ ಬರಲು ಸುಮಾರು ಎಂಟು ಸೆಕೆಂಡು ಬೇಕು. ಆ ಎಂಟು ಸೆಕೆಂಡಿನೊಳಗೆ ಆದ ತಿದ್ದುಪಡಿ ತಂತ್ರಾಂಶದ ಒಂದು ಭಾಗಕ್ಕೆ ತಿಳಿಯಿತು, ಇನ್ನೊಂದು ಭಾಗಕ್ಕೆ ತಿಳಿಯಲಿಲ್ಲ. ಕ್ಷ-ಕಿರಣಕ್ಕೆ ಬೇಕಾಗುವ ಎಲೆಕ್ಟ್ರಾನ್ ಪ್ರವಾಹ ನೇರ ಎಲೆಕ್ಟ್ರಾನ್ ಚಿಕಿತ್ಸೆಯದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು. ಏಕೆಂದರೆ ಅದರ ಬಹುಪಾಲು ಲೋಹದ ಫಲಕದಲ್ಲೇ ಇಂಗಿಹೋಗುತ್ತದೆ. ಈಗ ಪ್ರವಾಹ ಕ್ಷ-ಕಿರಣದ್ದು, ಆದರೆ ನಡುವೆ ಫಲಕವಿಲ್ಲ. ವೈದ್ಯರು ಬರೆದಿದ್ದುದು 180 ರಾಡ್ ವಿಕಿರಣ. ಆ ಮನುಷ್ಯನ ಬೆನ್ನಿನ ಒಂದು ಸೆಂಟಿಮೀಟರು ಜಾಗಕ್ಕೆ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಬಿದ್ದುದು 16,500ರಿಂದ 25,000 ರಾಡ್ ಇರಬೇಕೆಂದು ಆಮೇಲೆ ಲೆಕ್ಕ ಹಾಕಿದರು.

ಇನ್ನು ಪರದೆ ಹೇಳಿದ್ದೇನು? ಕನ್ನಡದಲ್ಲಿ ಹೇಳುವುದಾದರೆ, ‘ದೋಷ 54’. ಅಷ್ಟೆ. ಯಂತ್ರದ ಜೊತೆಗಿದ್ದ ಹಾಳೆಯೊಂದರಲ್ಲಿ ಈ ಸಂಖ್ಯೆಗೆ ಕೊಟ್ಟಿದ್ದ ವಿವರಣೆ ‘ಪ್ರಮಾಣ ನಿವೇಶ 2’ ಎಂಬಂಥ ಎರಡು ಶಬ್ದ, ಒಂದು ಅಂಕಿ. ಅದರ ಅರ್ಥವನ್ನು ತಯಾರಕರನ್ನೇ ಕೇಳಿದಾಗ ತಿಳಿದುಬಂದದ್ದು: ರೋಗಿಗೆ ಹೋದ ವಿಕಿರಣ ಹೆಚ್ಚಾಗಿದೆ, ಅಥವಾ ಕಡಿಮೆಯಾಗಿದೆ. ಹೆಚ್ಚು ಅಥವಾ ಕಡಿಮೆ! ಜೊತೆಗೆ, 202 ಮಾನಗಳಷ್ಟು ಹೋಗಬೇಕಾದಲ್ಲಿ 6 ಮಾತ್ರ ಹೋಗಿದೆ ಎಂದೂ ಪರದೆ ತೋರಿಸಿತು. ಅಳೆಯುವ ಉಪಕರಣಗಳು ಆ ಪ್ರವಾಹವನ್ನು ತಾಳಲಾರದೆ ಉಸಿರುಗಟ್ಟಿ ಸಣ್ಣ ಅಂಕಿಯನ್ನು ಹೇಳಿದ್ದವು. ಚಿಕಿತ್ಸೆಗೆ ವಿರಾಮ ಬಿದ್ದಿದೆ, ಮುಂದುವರಿಸಬೇಕಾದರೆ ಒಂದು ಕೀಲಿ ಒತ್ತಿ ಎಂಬುದು ಯಂತ್ರದ ಸಲಹೆ. ದಿನವೂ ಹತ್ತಾರು ಬಾರಿ ಇಂಥ ವಿರಾಮಗಳನ್ನು ಕಂಡಿದ್ದಾಕೆ ಆ ಕೀಲಿಯನ್ನು ಒತ್ತಿದಳು. ರೋಗಿಗೆ ಎರಡನೆಯ ಪೆಟ್ಟು ಬಿತ್ತು.

ಬಾಗಿಲ ಆಚೆ ಆ ಮನುಷ್ಯ ಕೂಗಿದ್ದು ಯಾರಿಗೂ ಕೇಳಲಿಲ್ಲ. ಕೋಣೆಯೊಳಗನ್ನು ತೋರಿಸುವ ದೂರದರ್ಶಕದ ತಂತಿ ಆ ದಿನ ಕಿತ್ತಿತ್ತು, ಮಾತು ಕೇಳಿಸುವ ಸಾಧನ ಕೆಟ್ಟಿತ್ತು. ಬೆನ್ನಿನ ಮೇಲೆ ಯಾರೋ ಬಿಸಿ ಕಾಫಿಯನ್ನು ಸುರಿದಂತೆ, ವಿದ್ಯುತ್ತು ಹೊಡೆದಂತೆ ಆಗಿತ್ತು ಅವನಿಗೆ. ಹಿಂದಿನ ಎಂಟು ಸರದಿಗಳಲ್ಲಿ ಏನೂ ಅನಿಸಿರಲಿಲ್ಲವಾದ್ದರಿಂದ ಇದು ಸರಿಯಲ್ಲವೆಂದು ಅವನಿಗೆ ಆ ಕ್ಷಣವೇ ತಿಳಿಯಿತು. ಏಳಲು ಹೋದಾಗಲೇ ಎರಡನೆಯ ಪೆಟ್ಟು ತೋಳಿಗೆ ತಗುಲಿತು. ಎದ್ದು ಹೋಗಿ ಬಾಗಿಲನ್ನು ಬಡಿದ. ಐದು ತಿಂಗಳ ತರುವಾಯ ತೀರಿಕೊಂಡ.

ತಯಾರಕರ ಎಂಜಿನಿಯರುಗಳು ಬಂದು ನೋಡಿದರು. ದೋಷ 54 ಮತ್ತೆ ಬರಲಿಲ್ಲ. ಹೆಚ್ಚು ವಿಕಿರಣ ಬೀಳುವುದು ಸಾಧ್ಯವೇ ಇಲ್ಲವೆಂದರು. ಮೂರು ವಾರಗಳಲ್ಲಿ, ಏಪ್ರಿಲ್ 11ರಂದು, ಅದೇ ಊರಿನಲ್ಲಿ, ಅದೇ ಯಂತ್ರದಲ್ಲಿ, ಅದೇ ಅಂಕಿ ಮತ್ತೆ ಕಾಣಿಸಿಕೊಂಡಿತು. ಈ ಬಾರಿ ರೋಗಿಯ ಮುಖಕ್ಕೆ. ಅವನು ಮೇ 1ರಂದು ಸತ್ತ. ಆಗ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್, ಯಂತ್ರ ನಡೆಸುತ್ತಿದ್ದ ಆ ಹೆಣ್ಣುಮಗಳನ್ನು ಕೂರಿಸಿಕೊಂಡು, ಆಕೆ ಒತ್ತಿದ ಕೀಲಿಗಳನ್ನು ನೆನಪಿನಿಂದ ಒಂದೊಂದಾಗಿ ಮತ್ತೆ ಮತ್ತೆ ಒತ್ತಿಸಿ ನೋಡಿದರು. ರಹಸ್ಯವಿದ್ದದ್ದು ವೇಗದಲ್ಲಿ. ನಿಧಾನವಾಗಿ ತಿದ್ದುವ ಎಂಜಿನಿಯರಿಗೆ ಆ ದೋಷ ಎಂದೂ ಕಾಣಿಸುತ್ತಿರಲಿಲ್ಲ. ಕೆಲಸದಲ್ಲಿ ಕೈ ಪಳಗಿದವರಿಗೆ ಮಾತ್ರ ಕಾಣಿಸುತ್ತಿತ್ತು. ಆಗ ತಯಾರಕರು ಎಲ್ಲ ಆಸ್ಪತ್ರೆಗಳಿಗೂ ಪತ್ರ ಬರೆದು ಹೇಳಿದ ತಾತ್ಕಾಲಿಕ ಪರಿಹಾರವನ್ನು ಕೇಳಿ: ಮೇಲ್ಮುಖ ಬಾಣದ ಕೀಲಿಯ ಟೋಪಿಯನ್ನು ಕಿತ್ತುಹಾಕಿ, ಅದರಡಿಯ ಸಂಪರ್ಕವನ್ನು ವಿದ್ಯುತ್ ಕೆಲಸದ ಟೇಪಿನಿಂದ ಮುಚ್ಚಿ. ಲಕ್ಷಗಟ್ಟಲೆ ಡಾಲರಿನ ಯಂತ್ರಕ್ಕೆ ಒಂದು ತುಂಡು ಟೇಪು. ಅಮೆರಿಕದ ಸರ್ಕಾರಿ ಇಲಾಖೆ ಇದು ಸಾಲದೆಂದು ಹೇಳಿ, ಕಾರಣವನ್ನು ಬಿಡಿಸಿ ಬರೆಯಬೇಕೆಂದು ತಾಕೀತು ಮಾಡಿತು.

ಈಗ ನನ್ನ ಶಾಸ್ತ್ರಕ್ಕೆ ಬರುತ್ತೇನೆ. ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗದ ನೆಲ. ಒಂಬತ್ತನೆಯ ಶತಮಾನದ ಆ ಗ್ರಂಥ ಅಲಂಕಾರಗಳಿಂದ ಮೊದಲಾಗುವುದಿಲ್ಲ, ದೋಷಗಳಿಂದ ಮೊದಲಾಗುತ್ತದೆ. ಮೊದಲನೆಯ ಪರಿಚ್ಛೇದದ ಹೆಸರೇ ದೋಷಾದೋಷಾನುವರ್ಣನ. ಇದು ದೋಷ, ಇದು ದೋಷವಲ್ಲ ಎಂದು ಬೇರೆ ಮಾಡಿ ತೋರಿಸಿದ ಮೇಲೆಯೇ ಅಲಂಕಾರದ ಮಾತು. ನಮ್ಮ ಲಾಕ್ಷಣಿಕರು ದೋಷಗಳಿಗೆ ಸಂಖ್ಯೆ ಕೊಟ್ಟು ಬಿಡಲಿಲ್ಲ, ಒಂದೊಂದಕ್ಕೂ ಹೆಸರಿಟ್ಟರು. ಎರಡು ಅರ್ಥಕ್ಕೆ ಎಡೆಗೊಟ್ಟು ಯಾವುದೆಂದು ತಿಳಿಯದಂತೆ ಮಾಡುವ ಶಬ್ದ ಸಂದಿಗ್ಧ. ಹೆಚ್ಚು ಅಥವಾ ಕಡಿಮೆ ಎಂಬ ಅರ್ಥವುಳ್ಳ ಯಂತ್ರದ ಎಚ್ಚರಿಕೆಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ಇನ್ನೊಂದು ದೋಷ ಇದಕ್ಕಿಂತ ಮಿಗಿಲಾದದ್ದು. ಯಾವುದೋ ಒಂದು ಶಾಸ್ತ್ರದೊಳಗೆ ಮಾತ್ರ ಪ್ರಸಿದ್ಧವಾಗಿದ್ದು ಹೊರಗೆ ಯಾರಿಗೂ ತಿಳಿಯದ ಶಬ್ದವನ್ನು ಬಳಸಿದರೆ ಅದಕ್ಕೆ ಅಪ್ರತೀತವೆಂಬ ದೋಷವನ್ನು ಮಮ್ಮಟ ಹೇಳುತ್ತಾನೆ. ಆದರೆ ಹೇಳುವವನೂ ಕೇಳುವವನೂ ಇಬ್ಬರೂ ಆ ಶಾಸ್ತ್ರವನ್ನು ಬಲ್ಲವರಾದರೆ ಅದು ದೋಷವಲ್ಲ, ಗುಣ ಎಂದೂ ಸೇರಿಸುತ್ತಾನೆ. ಥೆರಾಕ್ ಯಂತ್ರದ ತಂತ್ರಾಂಶವನ್ನು ಬರೆದದ್ದು ಒಬ್ಬನೇ ವ್ಯಕ್ತಿ, ಹಲವು ವರ್ಷಗಳ ಕಾಲ. ಅವನಿಗೂ ಅವನ ಪಕ್ಕದ ಮೇಜಿನ ಎಂಜಿನಿಯರಿಗೂ ‘ಪ್ರಮಾಣ ನಿವೇಶ 2’ ಎಂಬುದು ಚುಟುಕಾದ, ಸೊಗಸಾದ ಸಂಕೇತವಾಗಿದ್ದಿರಬಹುದು. ಟೈಲರಿನ ಕೊಠಡಿಯಲ್ಲಿ ಕುಳಿತವಳಿಗೆ ಅದು ಏನೂ ಅಲ್ಲ. ಅದೇ ಮಾತು, ಕೇಳುವವರು ಬದಲಾದ ಕೂಡಲೇ ಗುಣವಿದ್ದದ್ದು ದೋಷವಾಯಿತು. ಕಾಶ್ಮೀರದ ಪಂಡಿತನೊಬ್ಬ ಸಾವಿರ ವರ್ಷದ ಹಿಂದೆ ಕಾವ್ಯಕ್ಕೆ ಹೇಳಿದ್ದು ಟೆಕ್ಸಾಸಿನ ಯಂತ್ರಕ್ಕೂ ಸಲ್ಲುತ್ತದೆ ಎಂದರೆ ನಮ್ಮ ಹಿರಿಯರು ಯಂತ್ರವಿದ್ಯೆ ಬಲ್ಲವರಾಗಿದ್ದರು ಎಂದಲ್ಲ. ಅಂಥ ಮಾತುಗಳು ನನಗೆ ಸೇರುವುದಿಲ್ಲ. ಮಾತು ಯಾರನ್ನು ಮುಟ್ಟಬೇಕು ಎಂಬ ಪ್ರಶ್ನೆಯನ್ನು ಅವರು ಗಂಭೀರವಾಗಿ ತೆಗೆದುಕೊಂಡಿದ್ದರು, ಅಷ್ಟೆ.

ಮಾತೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ಇದೇ ತಯಾರಕರ ಹಿಂದಿನ ಮಾದರಿ ಥೆರಾಕ್-20ರಲ್ಲಿ ತಂತ್ರಾಂಶ ಏನೇ ಹೇಳಲಿ, ಅಪಾಯದ ಸ್ಥಿತಿಯಲ್ಲಿ ಕಿರಣ ಹೊರಡದಂತೆ ತಡೆಯುವ ಪ್ರತ್ಯೇಕ ವಿದ್ಯುತ್ ಅಗುಳಿಗಳಿದ್ದವು. ಹೊಸ ಮಾದರಿಯಲ್ಲಿ ತಂತ್ರಾಂಶವೇ ಕಾಯುತ್ತದೆ ಎಂದು ನಂಬಿ ಅವುಗಳನ್ನು ಬಿಟ್ಟರು. ಕಮಲಾಪುರದ ಕಡೆ ಬಾವಿಗೆ ಪಂಪುಸೆಟ್ಟು ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ಬೇಸತ್ತು ಅಲ್ಲಿ ದಪ್ಪ ತಂತಿಯನ್ನು ಸಿಕ್ಕಿಸಿದರೆ, ಮುಂದಿನ ಬಾರಿ ಹೋಗುವುದು ಮೋಟರು. ಸ್ಟಾರ್ಟರು ಟ್ರಿಪ್ ಆದಾಗ ಕಾರಣ ನೋಡದೆ ಹಸಿರು ಗುಂಡಿಯನ್ನು ಒತ್ತುತ್ತಲೇ ಇರುವ ಕೈಗೂ ಟೈಲರಿನಲ್ಲಿ ಮುಂದುವರಿಕೆಯ ಕೀಲಿ ಒತ್ತಿದ ಕೈಗೂ ಏನು ದೂರ?

ಚಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಯೊಬ್ಬರು, ಫ್ರ್ಯಾಂಕ್ ಬೋರ್ಗರ್, ಆಮೇಲೆ ಒಂದು ಸಂಗತಿಯನ್ನು ಗಮನಿಸಿದರು. ಅವರಲ್ಲಿದ್ದುದು ಹಳೆಯ ಥೆರಾಕ್-20. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಯಂತ್ರ ಕಲಿಯಲು ಬಂದಾಗ ಫ್ಯೂಸುಗಳು ಪಟಪಟನೆ ಹೋಗುತ್ತಿದ್ದವು. ಕೆಲವು ವಾರಗಳಾದ ಮೇಲೆ ನಿಲ್ಲುತ್ತಿದ್ದವು. ವಿದ್ಯಾರ್ಥಿಗಳು ಮನಬಂದಂತೆ ಕೀಲಿಗಳನ್ನು ಒತ್ತಿ ತಿದ್ದುತ್ತಿದ್ದುದೇ ಕಾರಣ. ಅಂದರೆ ಟೈಲರಿನಲ್ಲಿ ಜೀವ ತೆಗೆದ ಅದೇ ದೋಷ ಹಳೆಯ ಯಂತ್ರದಲ್ಲೂ ಇತ್ತು. ಆದರೆ ಅಲ್ಲಿ ಹೋಗುತ್ತಿದ್ದುದು ಫ್ಯೂಸು, ಮನುಷ್ಯನಲ್ಲ. ವರ್ಷಗಟ್ಟಲೆ ಆ ಫ್ಯೂಸುಗಳು ಒಂದು ಸುದ್ದಿಯನ್ನು ಹೇಳುತ್ತಲೇ ಇದ್ದವು. ಅದನ್ನು ಸುದ್ದಿಯೆಂದು ಯಾರೂ ಓದಿರಲಿಲ್ಲ.

ಇನ್ನು ಈಚಿನ ಸಾಧನಗಳ ವಿಚಾರ. ಅಮೆರಿಕದ ಲಾಸ್ ಅಲಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳು 1989ರ ಸುಮಾರಿಗೆ ಕೂಡಿ ಬೆಳೆಸತೊಡಗಿದ ನಿಯಂತ್ರಣ ತಂತ್ರಾಂಶವೊಂದಿದೆ. ಅದರ ಹೆಸರು ಎಪಿಕ್ಸ್. ಇಂಗ್ಲಿಷಿನಲ್ಲಿ ಮಹಾಕಾವ್ಯಗಳು ಎಂಬ ಅರ್ಥವೂ ಆ ಶಬ್ದಕ್ಕಿದೆ; ಆದರೆ ಇದು ಕೆಲವು ಶಬ್ದಗಳ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ್ದು. ಜಗತ್ತಿನ ಹಲವು ವೇಗೋತ್ಕರ್ಷಕಗಳು ಅದನ್ನು ಬಳಸುತ್ತವೆ. ನಮ್ಮಲ್ಲಿ 1977ರಿಂದ ಸೈಕ್ಲೋಟ್ರಾನ್ ನಡೆಸಿಕೊಂಡು ಬಂದ ಕೋಲ್ಕತದ ಕೇಂದ್ರವೂ ಬಳಸುತ್ತದೆ. ಅದಕ್ಕೆ ಬೆಲೆಯಿಲ್ಲ, ಬೇಕಾದವರು ಪಡೆದು, ತಿದ್ದಿ, ತಿದ್ದಿದ್ದನ್ನು ಇತರರಿಗೆ ಕೊಡಬಹುದು. ತಾಳೆಗರಿಯ ಕಾಲದಲ್ಲಿ ಪ್ರತಿ ಮಾಡಿಕೊಳ್ಳುತ್ತಿದ್ದಂತೆ. ಲಿಪಿಕಾರನ ಕೈತಪ್ಪುಗಳನ್ನು ಹಿಡಿಯಲು ಇಲ್ಲಿ ಹೆಚ್ಚು ಕಣ್ಣುಗಳಿವೆ ಎಂಬುದೊಂದು ವ್ಯತ್ಯಾಸ.

ಎಪಿಕ್ಸಿನ ಜೀವಾಳ ಹೆಸರು. ಯಂತ್ರದ ಪ್ರತಿಯೊಂದು ಅಳತೆಗೂ, ಈ ಅಯಸ್ಕಾಂತದ ವಿದ್ಯುತ್ತು, ಆ ಕೊಳವೆಯ ನಿರ್ವಾತ, ಹೀಗೆ ಒಂದೊಂದಕ್ಕೂ ಅದರದೇ ಹೆಸರಿರುತ್ತದೆ. ನಿಯಂತ್ರಣ ಕೊಠಡಿಯ ಗಣಕಕ್ಕೆ ಆ ಅಳತೆ ಬೇಕಾದಾಗ ಅದು ಯಾವ ಪೆಟ್ಟಿಗೆಯಲ್ಲಿದೆಯೆಂದು ತಿಳಿದಿರಬೇಕಾಗಿಲ್ಲ. ಶರಣಬಸವೇಶ್ವರರ ಜಾತ್ರೆಯ ಗದ್ದಲದಲ್ಲಿ ತಪ್ಪಿಸಿಕೊಂಡವರನ್ನು ಹೆಸರು ಹಿಡಿದು ಕೂಗುವಂತೆ, ಹೆಸರನ್ನು ಜಾಲದ ತುಂಬ ಕೂಗುತ್ತದೆ. ಆ ಹೆಸರಿನ ಒಡೆಯನಾದ ಗಣಕ ನಾನಿಲ್ಲಿದ್ದೇನೆ ಎಂದು ಓಗೊಡುತ್ತದೆ. ಹೆಸರಿನ ಜೊತೆಗೆ ನಲವತ್ತು ಅಕ್ಷರ ಮೀರದ ಒಂದು ವಿವರಣೆ, ಅಳತೆಯ ಮಾನ, ಎಚ್ಚರಿಕೆಯ ಗಡಿಗಳು ಇರುತ್ತವೆ. ನಲವತ್ತು ಅಕ್ಷರಗಳಲ್ಲಿ ಒಂದು ವಸ್ತುವನ್ನು ಅಪರಿಚಿತನಿಗೆ ತಿಳಿಯುವಂತೆ ಬಣ್ಣಿಸುವುದು ಸುಲಭವಲ್ಲ, ಎಂ.ಎ. ಪರೀಕ್ಷೆಗೆ ಕೊಡಬಹುದಾದ ಪ್ರಶ್ನೆ ಅದು.

ಗಡಿಗಳು ನಾಲ್ಕು: ಅತಿ ಹೆಚ್ಚು, ಹೆಚ್ಚು, ಕಡಿಮೆ, ಅತಿ ಕಡಿಮೆ. ಹೆಚ್ಚಾದದ್ದೂ ಕಡಿಮೆಯಾದದ್ದೂ ಇಲ್ಲಿ ಒಂದೇ ಅಂಕಿಯ ಹಿಂದೆ ಅಡಗುವುದಿಲ್ಲ. ಎಚ್ಚರಿಕೆಯ ತೀವ್ರತೆಗೂ ನಾಲ್ಕು ಮೆಟ್ಟಿಲುಗಳು: ದೋಷವಿಲ್ಲ, ಸಣ್ಣ 
ದೋಷ, ದೊಡ್ಡ ದೋಷ. ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಅದನ್ನು ಅಸಿಂಧು ಎನ್ನಬಹುದು. ಅಳೆಯುವ ಉಪಕರಣ ಉತ್ತರ ಕೊಡುತ್ತಿಲ್ಲ, ತಂತಿ ಕಡಿದಿದೆ, ಅಥವಾ ಆ ಅಳತೆಗೆ ಇನ್ನೂ ಬೆಲೆಯೇ ಬಂದಿಲ್ಲ. ಆಗ ತಂತ್ರಾಂಶ ಹಳೆಯ ಅಂಕಿಯನ್ನು ನಂಬುವಂತೆ ತೋರಿಸುವುದಿಲ್ಲ. ಇದನ್ನು ನಂಬಬೇಡಿ, ನನಗೆ ತಿಳಿದಿಲ್ಲ ಎಂದು ಗುರುತು ಹಾಕಿ ಹೇಳುತ್ತದೆ. ಟೈಲರಿನ ಯಂತ್ರ 6 ಎಂಬ ಅಂಕಿಗೆ ಬದಲಾಗಿ ಈ ಮಾತನ್ನು ಹೇಳಿದ್ದರೆ, ಮುಂದುವರಿಕೆಯ ಕೀಲಿಯತ್ತ ಹೋದ ಬೆರಳು ಅರೆಕ್ಷಣ ತಡೆಯುತ್ತಿತ್ತೆಂದು ನಂಬಲು ನನಗೆ ಮನಸ್ಸಾಗುತ್ತದೆ. ಇಷ್ಟಾದರೂ ವಿಕಿರಣದಿಂದ ಮನುಷ್ಯರನ್ನು ಕಾಯುವ ಕೆಲಸವನ್ನು ಪ್ರಯೋಗಾಲಯಗಳು ಎಪಿಕ್ಸಿನಂಥ ಸಾಧನಕ್ಕೆ ಒಪ್ಪಿಸುವುದಿಲ್ಲ. ಬಾಗಿಲು ತೆರೆದರೆ ಕಿರಣ ನಿಲ್ಲಬೇಕು. ಅದಕ್ಕೆ ಬೇರೆಯೇ ವ್ಯವಸ್ಥೆ. ದಪ್ಪ ತಂತಿಯ ಪಾಠ ಮರೆತಿಲ್ಲ.

ಆಸ್ಪತ್ರೆಯ ಯಂತ್ರಗಳೂ ಇಂದು ಹಾಗೆ ಬದಲಾಗಿವೆ. ಇದನ್ನು ಕೇಳಿ ಯಾರೂ ಚಿಕಿತ್ಸೆಗೆ ಹೆದರಬಾರದು, ಆದುದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ವಿಕಿರಣದ ಪ್ರಮಾಣವನ್ನು ಒಂದನ್ನೊಂದು ಅವಲಂಬಿಸದ ಎರಡು ಅಳತೆಗಾರರು ಎಣಿಸುತ್ತಾರೆ. ಒಬ್ಬ ತಪ್ಪಿದರೆ ಇನ್ನೊಬ್ಬ ನಿಲ್ಲಿಸುತ್ತಾನೆ. ತಂತ್ರಾಂಶವನ್ನು ಕೇಳದೆ ಕಿರಣವನ್ನು ಕಡಿಯುವ ಅಗುಳಿಗಳಿವೆ, ಕೆಂಪು ಗುಂಡಿಗಳಿವೆ. ವೈದ್ಯಕೀಯ ಭೌತವಿಜ್ಞಾನಿ ಯಂತ್ರವನ್ನು ಮೊದಲು ಪರೀಕ್ಷಿಸಿದ ಮೇಲೆ ರೋಗಿಯ ಸರದಿ. 1983ರಲ್ಲಿ ಸ್ಥಾಪಿತವಾದ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ಇಂಥ ಯಂತ್ರವನ್ನು ನಡೆಸುವಂತಿಲ್ಲ. ಈ ಚಿಕಿತ್ಸೆಯಿಂದ ಬದುಕಿದವರು ಅಸಂಖ್ಯ.

ಆದರೂ ಒಂದು ಮಾತು ಉಳಿಯುತ್ತದೆ. ಆರು ಪ್ರಕರಣಗಳಲ್ಲಿ ಮೊದಲನೆಯದು ಜಾರ್ಜಿಯಾ ರಾಜ್ಯದ ಮರಿಯೆಟ್ಟಾ ಎಂಬ ಊರಿನದು, 1985ರ ಜೂನ್ 3. ಕೆಂಡದಂಥ ಶಾಖ ತಟ್ಟಿತೆಂದು, ತನ್ನನ್ನು ಸುಟ್ಟರೆಂದು ಆ ಹೆಂಗಸು ಅಲ್ಲಿಯೇ ಹೇಳಿದಳು. ಹಾಗಾಗುವುದು ಸಾಧ್ಯವಿಲ್ಲವೆಂಬ ಉತ್ತರ ಬಂತು. ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಜುಲೈ 26ರಂದು ಯಂತ್ರ ‘ವಿಕಿರಣ ಹೋಗಿಲ್ಲ’ ಎಂದು ತೋರಿಸುತ್ತಿರಲು ಮುಂದುವರಿಕೆಯ ಕೀಲಿಯನ್ನು ಮತ್ತೆ ಮತ್ತೆ ಒತ್ತಲಾಯಿತು. ಉರಿಯುತ್ತದೆಂದು ಹೇಳುತ್ತಿದ್ದವಳು ಒಳಗಿದ್ದ ರೋಗಿ. ಆ ಯಂತ್ರಗಳ ಎದುರಿನಲ್ಲಿ ನಿಜವನ್ನು ಹೇಳಿದ ಉಪಕರಣ ಒಂದೇ, ಮನುಷ್ಯನ ಮೈ. ಅದರ ವರದಿಯನ್ನು ಮಾತ್ರ ಯಾರೂ ದಾಖಲೆಗೆ ತೆಗೆದುಕೊಳ್ಳಲಿಲ್ಲ.

ನಮ್ಮ ಕಡೆಯ ರೋಗಿ ಆ ವರದಿಯನ್ನು ಯಾವ ಮಾತಿನಲ್ಲಿ ಕೊಡುತ್ತಾನೆ? ಯಂತ್ರದ ಪರದೆ ಇಂಗ್ಲಿಷಿನದು. ಒಳಗೆ ಮಲಗಿದವರದು ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ. ಬಿಸಿಲನಾಡಿನವರಾದ ನಮ್ಮಲ್ಲಿ ಸುಡುವುದಕ್ಕೆ ಶಬ್ದಗಳ ಬರವಿಲ್ಲ: ಉರಿ, ಕಾವು, ಝಳ, ಧಗೆ, ಬೇಗೆ, ಚುರು ಚುರು. ಏಪ್ರಿಲ್ಲಿನ ಗಾಳಿಯ ಝಳ ಬೇರೆ, ಮೆಣಸಿನಕಾಯಿ ಮುಟ್ಟಿದ ಕೈಯ ಉರಿ ಬೇರೆ ಎಂದು ಮಗುವೂ ಬಲ್ಲದು. ಈ ಶಬ್ದಗಳ ವ್ಯತ್ಯಾಸ ತಿಳಿದವರು ಆ ಕೊಠಡಿಯ ಹೊರಗೆ ಕುಳಿತಿರಬೇಕು. ಕಿರಣ ಬೀಳುವಾಗ ಏನೂ ಅನಿಸಕೂಡದು ಎಂಬುದು ಈ ಚಿಕಿತ್ಸೆಯ ಸಾಮಾನ್ಯ ನಿಯಮ. ಚರ್ಮ ಉರಿಯುವುದು ದಿನಗಳು ಕಳೆದ ಮೇಲೆ. ಅಂದಮೇಲೆ ಅದೇ ಕ್ಷಣದಲ್ಲಿ ಏನಾದರೂ ಅನಿಸಿತೆಂದರೆ ಅದು ಸುದ್ದಿ.

ನಮ್ಮ ಜನ ಈ ಚಿಕಿತ್ಸೆಗೆ ಇಟ್ಟಿರುವ ಹೆಸರು ‘ಕರೆಂಟು ಕೊಡುವುದು’. ನನಗೆ ಕಳವಳವಿರುವುದು ಇಲ್ಲಿಯೇ. ಕರೆಂಟು ಎಂದ ಮೇಲೆ ಹೊಡೆಯುವುದು ಸಹಜವೆಂದು ಹಳ್ಳಿಯವನು ಎಣಿಸುತ್ತಾನೆ. ಹೊಡೆದರೆ ಹಲ್ಲು ಕಚ್ಚಿ ತಾಳುತ್ತಾನೆ, ದೊಡ್ಡ ಡಾಕ್ಟರ ಮುಂದೆ ದೂರಬಾರದೆಂದು ಸುಮ್ಮನಿರುತ್ತಾನೆ. ಟೈಲರಿನ ರೋಗಿ ಎದ್ದು ಬಾಗಿಲು ಬಡಿಯಲು ಕಾರಣ, ಏನೂ ಅನಿಸಬಾರದೆಂದು ಅವನಿಗೆ ಮೊದಲೇ ಗೊತ್ತಿತ್ತು. ಜನರ ಬಾಯಿಗೆ ಬಂದ ಹೆಸರನ್ನು ಆಜ್ಞೆ ಹೊರಡಿಸಿ ಅಳಿಸಲಾಗುವುದಿಲ್ಲ. ವಿಕಿರಣ ಚಿಕಿತ್ಸೆ ಎಂಬ ನಮ್ಮ ಪುಸ್ತಕದ ಶಬ್ದ ಕಮಲಾಪುರದ ಬಸ್ ನಿಲ್ದಾಣದವರೆಗೂ ನಡೆಯಲಾರದು, ಅಪ್ರತೀತವಾಗುತ್ತದೆ. ಆ ಹೆಸರನ್ನು ಇದ್ದಲ್ಲಿ ಇರಗೊಟ್ಟು ಅದರ ಪಕ್ಕದಲ್ಲಿ ಇನ್ನೊಂದು ಮಾತನ್ನು, ರೋಗಿಯನ್ನು ಮಲಗಿಸಿ ಹೊರಗೆ ಬರುವ ಮುನ್ನ, ಅವನ ಭಾಷೆಯಲ್ಲೇ ಹೇಳಬಹುದು: ‘ಇದು ಹೊಡಿಯೋ ಕರೆಂಟಲ್ರಿ. ಏನೂ ಅನಸಂಗಿಲ್ಲ. ಉರದಂಗ, ಝುಮ್ ಅಂದಂಗ ಏನರ ಆತಂದ್ರ ತಾಳ್ಕೋಬ್ಯಾಡ್ರಿ, ಕೈ ಎತ್ರಿ, ಜೋರಾಗಿ ಕೂಗ್ರಿ. ನಾವು ಹೊರಗ ಕೇಳ್ಕೋತ ಕುಂತಿರತೀವಿ.’